ಧಮನಿಯ ಮುಪ್ಪು ಮತ್ತು ಒಂದು ಅಮೈನೊ ಆಮ್ಲ

ವಯಸ್ಸಾದಂತೆ ಕೂದಲು ನರೆಯುವುದು, ಚರ್ಮ ಸುಕ್ಕುಗಟ್ಟುವುದು ಎಲ್ಲರ ಕಣ್ಣಿಗೂ ಕಾಣುವ ಸಂಗತಿ. ದೇಹದೊಳಗೆ ರಕ್ತವನ್ನು ಹೊತ್ತೊಯ್ಯುವ ಧಮನಿಗಳಿಗೂ ಮುಪ್ಪು ಬರುತ್ತದೆಂಬುದು ಹೊರಗೆ ಕಾಣಿಸದು. ಎಳೆಯ ವಯಸ್ಸಿನಲ್ಲಿ ನುಣುಪಾಗಿ, ಹಿಗ್ಗುವ ಕುಗ್ಗುವ ಗುಣವುಳ್ಳವುಗಳಾಗಿದ್ದ ಈ ನಾಳಗಳ ಒಳಗೋಡೆ ಕಾಲಕ್ರಮದಲ್ಲಿ ದಪ್ಪವಾಗಿ, ಗಡುಸಾಗಿ, ರಕ್ತದ ದಾರಿ ಕಿರಿದಾಗುತ್ತದೆ. ಕಿರಿದಾದ ದಾರಿಯಲ್ಲಿ ರಕ್ತ ಹೆಪ್ಪುಗಟ್ಟಿ ಹರಿವು ನಿಂತಿತೆಂದರೆ, ಆ ಧಮನಿ ಹೃದಯದ್ದಾದರೆ ಹೃದಯಾಘಾತ, ಮೆದುಳಿನದಾದರೆ ಪಾರ್ಶ್ವವಾಯು. ಐವತ್ತು ಅರವತ್ತು ದಾಟಿದವರ ಕಾಯಿಲೆಯೆಂದೇ ಜನ ಇದನ್ನು ಬಲ್ಲರು.

1933ರಲ್ಲಿ ಅಮೆರಿಕದ ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಗೆ ಎಂಟು ವರ್ಷದ ಬಾಲಕನೊಬ್ಬನನ್ನು ಕರೆತಂದರು. ಮೂರು ತಿಂಗಳಿಂದ ಅವನು ಕುಂಟುತ್ತಿದ್ದನು. ಅನಂತರ ಮೆದುಳಿನ ರೋಗಲಕ್ಷಣಗಳು ತಲೆದೋರಿದ್ದವು. ವೈದ್ಯರ ಪ್ರಯತ್ನಗಳು ಫಲಿಸದೆ ಅವನು ತೀರಿಕೊಂಡನು. ಮರಣೋತ್ತರ ಪರೀಕ್ಷೆ ನಡೆಸಿದವರಿಗೆ ಆಶ್ಚರ್ಯ ಕಾದಿತ್ತು. ಮೆದುಳಿಗೆ ರಕ್ತ ಒಯ್ಯುವ ಕತ್ತಿನ ಧಮನಿ ಕಿರಿದಾಗಿ, ಅಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಎಂಟರ ಹುಡುಗನ ಎದೆಗೂಡಿನ ಮೇಲೆ ಮುದುಕರ ಧಮನಿ! ಆ ಕಾಲದ ವೈದ್ಯವಿಜ್ಞಾನಕ್ಕೆ ಇದರ ಕಾರಣ ತಿಳಿದಿರಲಿಲ್ಲ. ಆಸ್ಪತ್ರೆಯವರು ಪ್ರಕರಣವನ್ನು ಬರೆದು ಪ್ರಕಟಿಸಿದರು. ಅಂಗಾಂಶದ ತುಣುಕುಗಳನ್ನು ಜೋಪಾನವಾಗಿ ತೆಗೆದಿರಿಸಿದರು. ಮೂವತ್ತೈದು ವರ್ಷಗಳ ಬಳಿಕ ಆ ಜೋಪಾನವೇ ದೊಡ್ಡ ಉಪಕಾರವಾಯಿತು.

ಕಥೆ ಮುಂದುವರಿಯುವ ಮೊದಲು ಅಮೈನೊ ಆಮ್ಲಗಳ ವಿಷಯವನ್ನು ಸ್ವಲ್ಪ ತಿಳಿಯಬೇಕು. ಬೇಳೆ, ಹಾಲು, ಮೊಟ್ಟೆ, ಮಾಂಸಗಳಲ್ಲಿರುವ ಪ್ರೋಟೀನು ಜೀರ್ಣವಾದಾಗ ಅಮೈನೊ ಆಮ್ಲಗಳೆಂಬ ಚಿಕ್ಕ ಘಟಕಗಳಾಗಿ ಒಡೆಯುತ್ತದೆ. ಇಟ್ಟಿಗೆಗಳನ್ನು ಬಿಡಿಸಿ ಮತ್ತೆ ಬೇರೆ ಗೋಡೆ ಕಟ್ಟುವಂತೆ ದೇಹ ಇವುಗಳಿಂದ ತನಗೆ ಬೇಕಾದ ಪ್ರೋಟೀನುಗಳನ್ನು ಕಟ್ಟಿಕೊಳ್ಳುತ್ತದೆ. ಇವುಗಳಲ್ಲಿ ಮೆಥಿಯೊನೀನ್ ಎಂಬುದು ಗಂಧಕವನ್ನೊಳಗೊಂಡ ಆಮ್ಲ. ದೇಹ ಇದನ್ನು ಬಳಸಿಕೊಳ್ಳುವಾಗ ನಡುವೆ ಹೋಮೋಸಿಸ್ಟೀನ್ ಎಂಬ ಇನ್ನೊಂದು ಅಮೈನೊ ಆಮ್ಲ ಹುಟ್ಟುತ್ತದೆ. ಇದು ಆಹಾರದಿಂದ ನೇರವಾಗಿ ಬರುವುದಲ್ಲ, ಪ್ರೋಟೀನಿನ ಗೋಡೆಗೆ ಸೇರುವುದೂ ಅಲ್ಲ. ದಾರಿಯಲ್ಲಿ ಬಂದು ಹೋಗುವ ಪಯಣಿಗ. ಇದನ್ನು ಮೊದಲು ಗುರುತಿಸಿದವರು ಅಮೆರಿಕದ ರಸಾಯನ ವಿಜ್ಞಾನಿ ವಿನ್ಸೆಂಟ್ ಡು ವಿನ್ಯೂ ಮತ್ತು ಅವರ ಸಹೋದ್ಯೋಗಿಗಳು, 1932ರ ಸುಮಾರಿಗೆ. ಗಂಧಕಯುಕ್ತ ವಸ್ತುಗಳ ಮೇಲಿನ ಕೆಲಸಕ್ಕಾಗಿ ಡು ವಿನ್ಯೂ ಅವರಿಗೆ 1955ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಹೋಮೋಸಿಸ್ಟೀನಿನ ಪರಿಸ್ಥಿತಿಯನ್ನು ಎರಡು ತೂಬುಗಳಿರುವ ಕೆರೆಗೆ ಹೋಲಿಸಬಹುದು. ಒಂದು ತೂಬಿನಿಂದ ಅದು ಮತ್ತೆ ಮೆಥಿಯೊನೀನಾಗಿ ಹಿಂದಿರುಗುತ್ತದೆ. ಇದು ತೆರೆಯಲು ಫೋಲಿಕ್ ಆಮ್ಲ ಮತ್ತು ಬಿ-12 ಎಂಬ ಜೀವಸತ್ವಗಳು ಬೇಕು. ಇನ್ನೊಂದು ತೂಬಿನಿಂದ ಅದು ಬೇರೆ ಅಮೈನೊ ಆಮ್ಲವಾಗಿ ಮುಂದೆ ಹರಿದುಹೋಗುತ್ತದೆ. ಇದಕ್ಕೆ ಬಿ-6 ಜೀವಸತ್ವದ ನೆರವು ಬೇಕು. ತೂಬಿನ ಕಾವಲುಗಾರರು ಕಿಣ್ವಗಳು. ಕಿಣ್ವಗಳನ್ನು ತಯಾರಿಸುವ ಆಜ್ಞೆ ವಂಶವಾಹಿಗಳಲ್ಲಿ, ಅಂದರೆ ಜೀನುಗಳಲ್ಲಿ ಬರೆದಿರುತ್ತದೆ. ಎರಡು ತೂಬುಗಳೂ ಸರಿಯಾಗಿದ್ದರೆ ಕೆರೆಯ ಮಟ್ಟ ಏರದು. ಆರೋಗ್ಯವಂತರ ರಕ್ತದಲ್ಲಿ ಹೋಮೋಸಿಸ್ಟೀನು ಲೀಟರಿಗೆ ಸುಮಾರು 5ರಿಂದ 15 ಮೈಕ್ರೊಮೋಲಿನಷ್ಟು ಮಾತ್ರ ಇರುತ್ತದೆ. ತೂಬು ಕಟ್ಟಿಕೊಂಡರೆ ಇದೇ ಪ್ರಮಾಣ ನೂರನ್ನೂ ಮೀರಬಲ್ಲದು.

ಅಂತಹ ತೂಬು ಕಟ್ಟಿದ ಪ್ರಕರಣ ಬೆಳಕಿಗೆ ಬಂದದ್ದು 1962ರಲ್ಲಿ, ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ. ನೀನಾ ಕಾರ್ಸನ್ ಮತ್ತು ನೀಲ್ ಎಂಬ ಸಂಶೋಧಕರು ಬುದ್ಧಿಬೆಳವಣಿಗೆ ಕುಂಠಿತವಾದವರ ಮೂತ್ರವನ್ನು ಪರೀಕ್ಷಿಸುತ್ತಿದ್ದಾಗ ಇಬ್ಬರು ಅಕ್ಕತಂಗಿಯರಲ್ಲಿ ಹೋಮೋಸಿಸ್ಟಿನ್ ಹೇರಳವಾಗಿರುವುದನ್ನು ಕಂಡರು. ಅದೇ ವರ್ಷ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿಯೂ ಇಂತಹುದೇ ಪ್ರಕರಣ ವರದಿಯಾಯಿತು. ರೋಗಕ್ಕೆ ಹೋಮೋಸಿಸ್ಟಿನ್ಯೂರಿಯ ಎಂದು ಹೆಸರಾಯಿತು. ಉದ್ದವಾದ ಕೈಕಾಲುಗಳು, ಸ್ಥಾನ ತಪ್ಪಿದ ಕಣ್ಣಿನ ಮಸೂರ, ದುರ್ಬಲವಾದ ಮೂಳೆ, ಎಲ್ಲಕ್ಕಿಂತ ಮಿಗಿಲಾಗಿ ಎಳವೆಯಲ್ಲಿಯೇ ರಕ್ತ ಹೆಪ್ಪುಗಟ್ಟುವುದು ಇದರ ಲಕ್ಷಣಗಳು. ಎರಡು ವರ್ಷಗಳಲ್ಲಿ ದೋಷವಿರುವ ಕಿಣ್ವ ಯಾವುದೆಂಬುದೂ ತಿಳಿಯಿತು. ಅದು ಎರಡನೆಯ ತೂಬಿನ ಕಾವಲುಗಾರ. ಅದರ ವಂಶವಾಹಿ 21ನೆಯ ವರ್ಣತಂತುವಿನಲ್ಲಿದೆ.

ಪ್ರತಿಯೊಬ್ಬನಲ್ಲಿಯೂ ಈ ವಂಶವಾಹಿಯ ಎರಡು ಪ್ರತಿಗಳಿರುತ್ತವೆ: ತಂದೆಯಿಂದ ಒಂದು, ತಾಯಿಯಿಂದ ಒಂದು. ಒಂದು ಕೆಟ್ಟರೂ ಇನ್ನೊಂದು ಕೆಲಸ ಸಾಗಿಸುತ್ತದೆ. ಅಂಥವರು ಆರೋಗ್ಯವಾಗಿಯೇ ಇರುತ್ತಾರೆ. ಎರಡೂ ಕೆಟ್ಟವಾದರೆ ಮಾತ್ರ ರೋಗ. ಕೆಟ್ಟ ಪ್ರತಿಯೊಂದನ್ನು ಹೊತ್ತ ತಂದೆತಾಯಿಯರಿಗೆ ಹುಟ್ಟುವ ಪ್ರತಿ ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಹೀಗೆ ದೋಷವು ಎಷ್ಟೋ ತಲೆಮಾರುಗಳ ಕಾಲ ಗುಪ್ತಗಾಮಿನಿಯಾಗಿ ಹರಿದು, ಯಾವುದೋ ಒಂದು ಮನೆಯಲ್ಲಿ ಮೇಲೆದ್ದು ಕಾಣಿಸಿಕೊಳ್ಳುತ್ತದೆ.

ಬಾಸ್ಟನ್ನಿನಲ್ಲಿ ಅದು ಹಾಗೆಯೇ ಕಾಣಿಸಿಕೊಂಡಿತು. 1960ರ ದಶಕದಲ್ಲಿ ಅದೇ ಆಸ್ಪತ್ರೆಯ ವೈದ್ಯರು ಬಾಲಕಿಯೊಬ್ಬಳಲ್ಲಿ ಹೋಮೋಸಿಸ್ಟಿನ್ಯೂರಿಯವನ್ನು ಗುರುತಿಸಿದರು. ಅವಳ ಸೋದರಮಾವನೊಬ್ಬ ಎಳೆಯ ವಯಸ್ಸಿನಲ್ಲಿ ಇಂತಹುದೇ ಕಾಯಿಲೆಯಿಂದ ಸತ್ತಿದ್ದನೆಂಬುದು ಮನೆಯವರ ಮಾತಿನಿಂದ ತಿಳಿದುಬಂತು. ಆ ಸೋದರಮಾವನೇ 1933ರ ಬಾಲಕ. ರೋಗವಿಜ್ಞಾನಿ ಕಿಲ್ಮರ್ ಮೆಕಲ್ಲಿ 1968ರಲ್ಲಿ ಈ ಸಂಗತಿಯನ್ನು ಕೇಳಿ ಕುತೂಹಲಗೊಂಡು, ಆಸ್ಪತ್ರೆಯ ಉಗ್ರಾಣದಲ್ಲಿದ್ದ ಹಳೆಯ ತುಣುಕುಗಳನ್ನು ತರಿಸಿ ಸೂಕ್ಷ್ಮದರ್ಶಕದಡಿಯಲ್ಲಿಟ್ಟರು. ಕತ್ತಿನ ಧಮನಿಯಲ್ಲಷ್ಟೇ ಅಲ್ಲದೆ ದೇಹದ ಅನೇಕ ಸಣ್ಣ ಧಮನಿಗಳಲ್ಲಿಯೂ ಗೋಡೆ ದಪ್ಪವಾಗಿತ್ತು. ವಿಶೇಷವೆಂದರೆ ಅಲ್ಲಿ ಕೊಬ್ಬು ಶೇಖರವಾಗಿರಲಿಲ್ಲ. ಧಮನಿ ಗಡುಸಾಗುವುದಕ್ಕೆ ಕೊಲೆಸ್ಟರಾಲ್ ಎಂಬ ಕೊಬ್ಬಿನಂಥ ವಸ್ತುವೇ ಕಾರಣವೆಂದು ವೈದ್ಯಲೋಕ ನಂಬತೊಡಗಿದ್ದ ಕಾಲವದು.

ಒಂದು ಪ್ರಕರಣದಿಂದ ಏನನ್ನೂ ನಿರ್ಧರಿಸಲಾಗದು. ಈ ರೋಗದಲ್ಲಿ ಹೋಮೋಸಿಸ್ಟೀನಿನ ಜೊತೆಗೆ ಮೆಥಿಯೊನೀನೂ ರಕ್ತದಲ್ಲಿ ಏರುತ್ತದೆ. ಹಾಗಿದ್ದಲ್ಲಿ ಧಮನಿಯನ್ನು ಕೆಡಿಸಿದ್ದು ಇವೆರಡರಲ್ಲಿ ಯಾವುದು? ಉತ್ತರ ಇನ್ನೊಂದು ಶಿಶುವಿನಿಂದ ಬಂತು. ಎರಡು ತಿಂಗಳೂ ತುಂಬದ ಗಂಡುಕೂಸೊಂದು ಬಿ-12 ಜೀವಸತ್ವವನ್ನು ಬಳಸಿಕೊಳ್ಳಲಾರದ ಬೇರೊಂದು ಆನುವಂಶಿಕ ದೋಷದಿಂದ ಮಡಿದಿತ್ತು. ಇಲ್ಲಿ ಕಟ್ಟಿಕೊಂಡಿದ್ದದ್ದು ಮೊದಲನೆಯ ತೂಬು. ಆದ್ದರಿಂದ ಹೋಮೋಸಿಸ್ಟೀನು ಏರಿದ್ದರೂ ಮೆಥಿಯೊನೀನು ಕಡಿಮೆಯಾಗಿತ್ತು. ಮೆಕಲ್ಲಿಯವರು ಆ ಕೂಸಿನ ಧಮನಿಗಳನ್ನು ನೋಡಿದರು. ಅಲ್ಲಿಯೂ ಅದೇ ಬಗೆಯ ಹಾನಿ. ಎರಡು ದೋಷಗಳು ಬೇರೆ, ಮೆಥಿಯೊನೀನಿನ ಮಟ್ಟ ಒಂದರಲ್ಲಿ ಹೆಚ್ಚು ಮತ್ತೊಂದರಲ್ಲಿ ಕಡಿಮೆ. ಎರಡರಲ್ಲಿಯೂ ಸಮಾನವಾಗಿದ್ದದ್ದು ಏರಿದ ಹೋಮೋಸಿಸ್ಟೀನು ಮತ್ತು ಕೆಟ್ಟ ಧಮನಿ. ಪತ್ತೇದಾರಿ ಕಥೆಗಳಲ್ಲಿಯೂ ಇಷ್ಟು ಅಚ್ಚುಕಟ್ಟಾದ ತರ್ಕ ಅಪರೂಪ. 1969ರಲ್ಲಿ ಮೆಕಲ್ಲಿ ತಮ್ಮ ಪ್ರಬಂಧವನ್ನು ಪ್ರಕಟಿಸಿ, ಈ ಅಪರೂಪದ ಮಕ್ಕಳಲ್ಲಿ ಮಾತ್ರವಲ್ಲದೆ ಸಾಮಾನ್ಯ ಜನರಲ್ಲಿಯೂ ಧಮನಿರೋಗಕ್ಕೆ ಹೋಮೋಸಿಸ್ಟೀನು ಕಾರಣವಾಗಿರಬಹುದೆಂದು ಸೂಚಿಸಿದರು.

ಈ ಸೂಚನೆಗೆ ದೊರೆತ ಸ್ವಾಗತ ತಣ್ಣಗಿತ್ತು. ಸಂಶೋಧನೆಗೆ ಹಣ ಹುಟ್ಟುವುದು ಕಷ್ಟವಾಯಿತು. 1970ರ ದಶಕದ ಕೊನೆಯ ವೇಳೆಗೆ ಹಾರ್ವರ್ಡ್ ವೈದ್ಯಶಾಲೆ ಮತ್ತು ಆಸ್ಪತ್ರೆಯಲ್ಲಿನ ಅವರ ಸ್ಥಾನ ಕೈತಪ್ಪಿತು. ಸುಮಾರು ಎರಡು ವರ್ಷ ಕೆಲಸಕ್ಕಾಗಿ ಅಲೆದು, 1981ರಲ್ಲಿ ಪ್ರಾವಿಡೆನ್ಸ್ ನಗರದ ಮಾಜಿ ಸೈನಿಕರ ಆಸ್ಪತ್ರೆಯನ್ನು ಸೇರಿದರು. ಹೊಸ ವಿಚಾರವನ್ನು ಒಪ್ಪದಿರುವುದು ವಿಜ್ಞಾನದಲ್ಲಿ ತಪ್ಪಲ್ಲ. ಅದನ್ನು ಪರೀಕ್ಷಿಸಲು ಅವಕಾಶವಿಲ್ಲದಂತೆ ಮಾಡುವುದು ಬೇರೆ ಮಾತು.

ಆದರೆ ಪರೀಕ್ಷೆ ಬೇರೆ ಕಡೆ ನಡೆಯುತ್ತಲೇ ಇತ್ತು. 1976ರಲ್ಲಿ ಆಸ್ಟ್ರೇಲಿಯದ ಸಿಡ್ನಿಯ ವಿಲ್ಕೆನ್ ದಂಪತಿಗಳು ಹೃದ್ರೋಗಿಗಳಿಗೆ ಮೆಥಿಯೊನೀನನ್ನು ಕೊಟ್ಟು ನೋಡಿದಾಗ, ಅವರಲ್ಲಿ ಹಲವರ ದೇಹ ಅದನ್ನು ಸರಿಯಾಗಿ ನಿರ್ವಹಿಸುತ್ತಿಲ್ಲವೆಂದು ಕಂಡುಬಂತು. 1992ರಲ್ಲಿ ಅಮೆರಿಕದ 14,916 ಮಂದಿ ವೈದ್ಯರನ್ನೇ ಒಳಗೊಂಡ ಅಧ್ಯಯನದ ಫಲಿತಾಂಶ ಹೊರಬಂತು. ಹೋಮೋಸಿಸ್ಟೀನಿನ ಮಟ್ಟ ಅತ್ಯಂತ ಹೆಚ್ಚಾಗಿದ್ದ ನೂರಕ್ಕೆ ಐದು ಮಂದಿಗೆ ಹೃದಯಾಘಾತದ ಸಂಭವ ಉಳಿದವರಿಗಿಂತ ಸುಮಾರು ಮೂರು ಪಟ್ಟು ಇತ್ತು. 1995ರಲ್ಲಿ ಕೆನಡದ ಮಾಂಟ್ರಿಯಲ್‌ನಲ್ಲಿ ರೀಮಾ ರೋಜನ್ ಅವರ ತಂಡ ಮತ್ತೊಂದು ಮುಖ್ಯ ಸಂಗತಿಯನ್ನು ಹೊರಗೆಡಹಿತು. ಫೋಲಿಕ್ ಆಮ್ಲವನ್ನು ಬಳಕೆಗೆ ಸಿದ್ಧಪಡಿಸುವ ಕಿಣ್ವವೊಂದರ ವಂಶವಾಹಿಯಲ್ಲಿ, 677ನೆಯ ಸ್ಥಾನದಲ್ಲಿ, ಒಂದೇ ಒಂದು ಅಕ್ಷರದ ವ್ಯತ್ಯಾಸವಿರುವುದುಂಟು. ಆ ವ್ಯತ್ಯಾಸವನ್ನು ತಂದೆತಾಯಿ ಇಬ್ಬರಿಂದಲೂ ಪಡೆದವರಲ್ಲಿ ಕಿಣ್ವ ದುರ್ಬಲವಾಗಿ, ಹೋಮೋಸಿಸ್ಟೀನು ಇತರರಿಗಿಂತ ನೂರಕ್ಕೆ ಇಪ್ಪತ್ತರಷ್ಟು ಹೆಚ್ಚಿರುತ್ತದೆ. ಇದು ಬೆಲ್‌ಫಾಸ್ಟಿನ ಸೋದರಿಯರದರಂತೆ ಅಪರೂಪದ ದೋಷವಲ್ಲ. ಲೋಕದ ಎಲ್ಲ ಭಾಗಗಳಲ್ಲಿಯೂ ಕೋಟ್ಯಂತರ ಆರೋಗ್ಯವಂತರಲ್ಲಿ ಇದೆ.

ಈ ಪ್ರಸಂಗದಲ್ಲಿ ಭಾರತದ ಪಾಲೂ ಉಂಟು. ಫೋಲಿಕ್ ಆಮ್ಲದ ಇತಿಹಾಸ ಪ್ರಾರಂಭವಾಗುವುದೇ ಮುಂಬಯಿಯಲ್ಲಿ. 1928ರಲ್ಲಿ ಅಲ್ಲಿಗೆ ಬಂದ ಇಂಗ್ಲೆಂಡಿನ ವೈದ್ಯೆ ಲೂಸಿ ವಿಲ್ಸ್ ಅವರು ಬಟ್ಟೆ ಗಿರಣಿಗಳ ಬಡ ಗರ್ಭಿಣಿಯರನ್ನು ಕಾಡುತ್ತಿದ್ದ ರಕ್ತಹೀನತೆಯನ್ನು ಅಭ್ಯಸಿಸಿ, ಮಾರ್ಮೈಟ್ ಎಂಬ ಯೀಸ್ಟಿನ ಸಾರದಿಂದ ಅದು ಗುಣವಾಗುವುದೆಂದು 1931ರಲ್ಲಿ ತೋರಿಸಿಕೊಟ್ಟರು. ಆ ಸಾರದಲ್ಲಿದ್ದ ಜೀವಸತ್ವವನ್ನು 1941ರಲ್ಲಿ ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದಾಗ, ಎಲೆ ಎಂಬರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ಫೋಲಿಕ್ ಆಮ್ಲವೆಂಬ ಹೆಸರು ಬಂತು. ಬಿ-12ರ ವಿಚಾರದಲ್ಲಿಯೂ ನಮ್ಮ ದೇಶ ಗಮನಾರ್ಹ. ಅದು ಸಸ್ಯಗಳಲ್ಲಿ ದೊರೆಯದು. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಿಂದಲೇ ಬರಬೇಕು. ಪುಣೆಯ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಳ್ಳಿ, ಕೊಳೆಗೇರಿ ಮತ್ತು ನಗರದ ಮಧ್ಯಮವರ್ಗಗಳಿಗೆ ಸೇರಿದ 441 ಮಂದಿ ನಡುವಯಸ್ಸಿನ ಗಂಡಸರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿನವರಿಗೆ ಬಿ-12 ಸಾಲದಾಗಿತ್ತು. ಅರ್ಧಕ್ಕಿಂತ ಹೆಚ್ಚಿನವರ ಹೋಮೋಸಿಸ್ಟೀನು ಏರಿತ್ತು.

ಇಷ್ಟು ತಿಳಿದ ಮೇಲೆ ಪರಿಹಾರ ಸುಲಭವೆಂದು ಯಾರಿಗಾದರೂ ತೋರದಿರದು. ಫೋಲಿಕ್ ಆಮ್ಲ, ಬಿ-6, ಬಿ-12 ಅಗ್ಗದ ಗುಳಿಗೆಗಳು. ಅವನ್ನು ಕೊಟ್ಟರೆ ತೂಬು ತೆರೆಯುತ್ತದೆ, ಕೆರೆಯ ಮಟ್ಟ ಇಳಿಯುತ್ತದೆ, ಹೃದಯಾಘಾತವೂ ಇಳಿಯಬೇಕು. ಹಲವು ದೇಶಗಳಲ್ಲಿ ದೊಡ್ಡ ಪ್ರಯೋಗಗಳು ಪ್ರಾರಂಭವಾದವು. ಅವುಗಳಲ್ಲಿ ಎರಡರ ಫಲಿತಾಂಶ 2006ರಲ್ಲಿ ಒಟ್ಟಿಗೆ ಪ್ರಕಟವಾಯಿತು. ಒಂದು ನಾರ್ವೆಯಲ್ಲಿ ಹೃದಯಾಘಾತದಿಂದ ಆಗತಾನೆ ಪಾರಾದ 3,749 ಮಂದಿಯ ಮೇಲೆ ನಡೆದದ್ದು. ಇನ್ನೊಂದು ಹಲವು ದೇಶಗಳ 5,522 ಮಂದಿಯನ್ನು ಐದು ವರ್ಷ ಹಿಂಬಾಲಿಸಿದ್ದು. ಎರಡರಲ್ಲಿಯೂ ಹೋಮೋಸಿಸ್ಟೀನು ಎಣಿಸಿದಂತೆಯೇ ಇಳಿಯಿತು. ಹೃದಯಾಘಾತ ಮಾತ್ರ ಇಳಿಯಲಿಲ್ಲ. ಎರಡನೆಯದರಲ್ಲಿ ಪಾರ್ಶ್ವವಾಯು ತುಸು ಕಡಿಮೆಯಾಯಿತೆಂಬುದಷ್ಟೇ ಸಮಾಧಾನ.

ಎಲ್ಲಿ ತಪ್ಪಿತು? ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತೆಂಬ ಗಾದೆಯನ್ನು ಇಲ್ಲಿ ನೆನೆಯಬಹುದಾದರೂ ವಿಷಯ ಅಷ್ಟು ಸರಳವಲ್ಲ. ಗಾದೆಯಲ್ಲಿರುವುದು ಆಕಸ್ಮಿಕ. ಇಲ್ಲಿಯ ಸಂಬಂಧ ಆಕಸ್ಮಿಕವಲ್ಲ. ಮತ್ತೆ ಮತ್ತೆ ಕಂಡುಬಂದದ್ದು. ಆದರೆ ಎರಡು ಸಂಗತಿಗಳು ಜೊತೆಯಾಗಿ ಕಾಣಿಸಿಕೊಳ್ಳುವುದಕ್ಕೆ ಮೂರನೆಯದೊಂದು ಕಾರಣವಾಗಿರಬಹುದು. ಮೂತ್ರಪಿಂಡ ದುರ್ಬಲವಾದರೆ ಹೋಮೋಸಿಸ್ಟೀನು ಏರುತ್ತದೆ, ಹೃದ್ರೋಗವೂ ಹೆಚ್ಚುತ್ತದೆ. ಧೂಮಪಾನಿಗಳಲ್ಲಿ, ವಯಸ್ಸಾದವರಲ್ಲಿ, ಸೊಪ್ಪು ತರಕಾರಿಗಳನ್ನು ಸರಿಯಾಗಿ ಉಣ್ಣದವರಲ್ಲಿ ಎರಡೂ ಒಟ್ಟಿಗೇ ಇರುತ್ತವೆ. ಹೀಗಿರುವಾಗ ರಕ್ತದಲ್ಲಿನ ಅಮೈನೊ ಆಮ್ಲ ಅಪರಾಧಿಯೋ, ಅಪರಾಧ ನಡೆದ ಸ್ಥಳದಲ್ಲಿ ನಿಂತಿದ್ದ ದಾರಿಹೋಕನೋ ಎಂದು ತಿಳಿಯುವುದು ಹೇಗೆ?

ಇದಕ್ಕೆ ಉಪಾಯವನ್ನು ಹಾಲೆಂಡಿನ ಮಾರ್ಟೈನ್ ಕಟಾನ್ ಎಂಬ ವಿಜ್ಞಾನಿ 1986ರಲ್ಲಿಯೇ, ಬೇರೊಂದು ರೋಗದ ಚರ್ಚೆಯಲ್ಲಿ, ಚಿಕ್ಕ ಪತ್ರವೊಂದರಲ್ಲಿ ಬರೆದಿದ್ದರು. ತಂದೆತಾಯಿಯರ ಎರಡೆರಡು ಪ್ರತಿಗಳಲ್ಲಿ ಯಾವುದು ಮಗುವಿಗೆ ಬರುತ್ತದೆಂಬುದು ಚೀಟಿ ಎತ್ತಿದ ಹಾಗೆ. ಮಗು ಮುಂದೆ ಬೀಡಿ ಸೇದುವುದೋ ಇಲ್ಲವೋ, ಸೊಪ್ಪು ತಿನ್ನುವುದೋ ಇಲ್ಲವೋ, ಚೀಟಿಗೆ ತಿಳಿಯದು. ರೋಗ ಬಂದ ಮೇಲೆ ಚೀಟಿ ಬದಲಾಗುವುದೂ ಇಲ್ಲ. ಆದ್ದರಿಂದ ಹುಟ್ಟಿನಿಂದಲೇ ಹೋಮೋಸಿಸ್ಟೀನನ್ನು ಏರಿಸುವ ವಂಶವಾಹಿಯನ್ನು ಪಡೆದವರನ್ನೂ ಪಡೆಯದವರನ್ನೂ ಹೋಲಿಸಿದರೆ, ಪ್ರಕೃತಿಯೇ ಜೀವಮಾನವಿಡೀ ನಡೆಸಿದ ಪ್ರಯೋಗವನ್ನು ನೋಡಿದಂತಾಗುತ್ತದೆ. ಹೋಮೋಸಿಸ್ಟೀನು ನಿಜವಾದ ಕಾರಣವಾಗಿದ್ದರೆ 677ನೆಯ ಸ್ಥಾನದ ವ್ಯತ್ಯಾಸವುಳ್ಳವರಿಗೆ ಹೃದಯಾಘಾತ ಹೆಚ್ಚಿರಲೇಬೇಕು.

ಅಲ್ಲಿಯವರೆಗೆ ಪ್ರಕಟವಾಗಿದ್ದ 86 ಅಧ್ಯಯನಗಳನ್ನು ಕೂಡಿಸಿದರೆ, ಹೆಚ್ಚಿದೆ ಎಂದೇ ಉತ್ತರ ಬರುತ್ತಿತ್ತು: ನೂರಕ್ಕೆ ಸುಮಾರು ಹದಿನೈದರಷ್ಟು. ಆದರೆ ರಾಬರ್ಟ್ ಕ್ಲಾರ್ಕ್ ಮತ್ತು ಅವರ ಸಹಯೋಗಿಗಳು 2012ರಲ್ಲಿ ಬೇರೆಯೇ ದಾರಿ ಹಿಡಿದರು. ಇತರ ಉದ್ದೇಶಗಳಿಗಾಗಿ ಸಂಗ್ರಹಿಸಿದ್ದ, ಈ ಪ್ರಶ್ನೆಯ ಬಗ್ಗೆ ಎಲ್ಲಿಯೂ ಪ್ರಕಟವಾಗದ ಮಾಹಿತಿಯನ್ನು ಒಟ್ಟುಗೂಡಿಸಿದರು. 48,175 ಮಂದಿ ಹೃದ್ರೋಗಿಗಳು, 67,961 ಮಂದಿ ಇತರರು. ಇವರಲ್ಲಿ ವ್ಯತ್ಯಾಸವುಳ್ಳವರ ಅಪಾಯ ಇತರರ ಅಪಾಯಕ್ಕೆ ಹೆಚ್ಚು ಕಡಿಮೆ ಸಮವಾಗಿಯೇ ಇತ್ತು. ಹಾಗಾದರೆ ಹಿಂದಿನ ಹದಿನೈದು ಎಲ್ಲಿಂದ ಬಂತು? ಹುಡುಕಿದ್ದು ಸಿಕ್ಕರೆ ಸಂಶೋಧಕ ಬರೆಯುತ್ತಾನೆ, ಪತ್ರಿಕೆ ಅಚ್ಚುಹಾಕುತ್ತದೆ. ಸಿಗದಿದ್ದರೆ ಕಾಗದ ಮೇಜಿನ ಖಾನೆಯಲ್ಲಿಯೇ ಉಳಿಯುತ್ತದೆ. ಹೀಗೆ ಖಾನೆಯಲ್ಲಿ ಉಳಿದುದನ್ನು ಲೆಕ್ಕಕ್ಕೆ ಹಿಡಿಯದೆ, ಅಚ್ಚಾದುದನ್ನಷ್ಟೇ ಓದಿದವರಿಗೆ ಲೋಕವು ಇರುವುದಕ್ಕಿಂತ ಬೇರೆಯಾಗಿ ಕಾಣಿಸಿತ್ತು.

ಇದೇ ಪರೀಕ್ಷೆಯಲ್ಲಿ ಕೊಲೆಸ್ಟರಾಲ್ ತೇರ್ಗಡೆಯಾಯಿತೆಂಬುದನ್ನೂ ಹೇಳಬೇಕು. 2006ರಲ್ಲಿ ಅಮೆರಿಕದ ಜೊನಾಥನ್ ಕೋಹೆನ್ ಮತ್ತು ಹೆಲನ್ ಹಾಬ್ಸ್ ಅವರ ತಂಡ, ಒಂದು ವಂಶವಾಹಿ ಕೆಲಸಮಾಡದಿರುವುದರಿಂದ ಹುಟ್ಟಿನಿಂದಲೇ ಕೆಟ್ಟ ಕೊಲೆಸ್ಟರಾಲ್ ನೂರಕ್ಕೆ 28ರಷ್ಟು ಕಡಿಮೆಯಿದ್ದ ಕಪ್ಪುಜನರನ್ನು ಗುರುತಿಸಿತು. ಅವರಲ್ಲಿ ಹೃದ್ರೋಗ ನೂರಕ್ಕೆ 88ರಷ್ಟು ಕಡಿಮೆಯಿತ್ತು. ಮೆಕಲ್ಲಿಯವರು ಯಾವ ಕೊಲೆಸ್ಟರಾಲ್ ಸಿದ್ಧಾಂತದೊಡನೆ ಸೆಣಸಿದರೋ ಅದಕ್ಕೆ ವಂಶವಾಹಿಗಳು ಸಾಕ್ಷಿ ನುಡಿದವು; ಅವರದಕ್ಕೆ, ಸಾಮಾನ್ಯ ಜನರ ಹೃದಯಾಘಾತದ ಮಟ್ಟಿಗೆ, ನುಡಿಯಲಿಲ್ಲ.

ಹಾಗೆಂದು 1969ರ ಪ್ರಬಂಧ ಸುಳ್ಳಾಯಿತೆನ್ನುವಂತಿಲ್ಲ. ಮಟ್ಟ ಹತ್ತರಿಂದ ಹನ್ನೆರಡಕ್ಕೆ ಏರುವುದು ಬೇರೆ, ನೂರನ್ನು ಮೀರುವುದು ಬೇರೆ. ಕೆರೆಯ ನೀರು ಒಂದು ಗೇಣು ಏರಿದರೆ ಏರಿಗೆ ಏನೂ ಆಗದು. ಕೋಡಿ ಮೀರಿ ನುಗ್ಗಿದರೆ ಏರಿಯೇ ಒಡೆಯುತ್ತದೆ. ಹೋಮೋಸಿಸ್ಟಿನ್ಯೂರಿಯದ 158 ಮಂದಿ ರೋಗಿಗಳಿಗೆ ಚಿಕಿತ್ಸೆ ನೀಡಿದ ಕೆಲವು ಕೇಂದ್ರಗಳ ಅನುಭವ 2001ರಲ್ಲಿ ಪ್ರಕಟವಾಯಿತು. ಎಲ್ಲರ ಚಿಕಿತ್ಸೆಯ ವರ್ಷಗಳನ್ನೂ ಕೂಡಿಸಿದರೆ 2,822 ವರ್ಷಗಳು. ಚಿಕಿತ್ಸೆಯಿಲ್ಲದಿದ್ದರೆ ಆ ಅವಧಿಯಲ್ಲಿ ರಕ್ತನಾಳಗಳ ಅವಘಡಗಳು 112 ಆಗಬೇಕಾಗಿತ್ತು, ಆದದ್ದು 17. ಪಾರ್ಶ್ವವಾಯುವಿನ ಬಾಗಿಲೂ ಪೂರ್ತಿಯಾಗಿ ಮುಚ್ಚಿಲ್ಲ. ಆಹಾರಕ್ಕೆ ಫೋಲಿಕ್ ಆಮ್ಲ ಬೆರೆಸುವ ಪದ್ಧತಿಯಿಲ್ಲದಿದ್ದ ಚೀನದಲ್ಲಿ ರಕ್ತದ ಒತ್ತಡವಿದ್ದ 20,702 ಮಂದಿಯ ಮೇಲೆ ನಡೆದ ಪ್ರಯೋಗ 2015ರಲ್ಲಿ ಪ್ರಕಟವಾಯಿತು. ಒತ್ತಡದ ಮದ್ದಿನೊಡನೆ ಫೋಲಿಕ್ ಆಮ್ಲವನ್ನೂ ಪಡೆದವರಲ್ಲಿ ಮೊದಲ ಪಾರ್ಶ್ವವಾಯು ನೂರಕ್ಕೆ 21ರಷ್ಟು ಕಡಿಮೆಯಾಯಿತು. ಹೃದಯಾಘಾತದಲ್ಲಿ ಅಂತಹ ಅಂತರ ಕಾಣಲಿಲ್ಲ. ಇನ್ನು ಬಿ-12ರ ಕೊರತೆ ಇದ್ದವರು ಹೃದಯದ ಮಾತು ಏನೇ ಇರಲಿ, ಅದನ್ನು ತುಂಬಿಕೊಳ್ಳಲೇಬೇಕು. ಅದಿಲ್ಲದೆ ನರಗಳೂ ರಕ್ತವೂ ಕೆಡುತ್ತವೆ.

ಹಿಂದೆ ಹೇಳಿದ ಅಪರೂಪದ ರೋಗಕ್ಕೆ ಅತ್ಯಂತ ಶ್ರದ್ಧೆಯಿಂದ ಗಮನಕೊಟ್ಟ ದೇಶ ಐರ್ಲೆಂಡ್. ಅಲ್ಲಿ 1971ರಿಂದ ಹುಟ್ಟಿದ ಕೆಲವು ದಿನಗಳಲ್ಲಿಯೇ ಪ್ರತಿ ಶಿಶುವಿನ ಹಿಮ್ಮಡಿಯಿಂದ ಕೆಲವು ಹನಿ ರಕ್ತ ತೆಗೆದು, ಮೆಥಿಯೊನೀನಿನ ಪ್ರಮಾಣವನ್ನು ನೋಡುತ್ತಾರೆ. ಅದು ಏರಿದ್ದರೆ ಮುಂದಿನ ಪರೀಕ್ಷೆಗಳು ನಡೆಯುತ್ತವೆ. ರೋಗ ಖಚಿತವಾದ ಮಕ್ಕಳಲ್ಲಿ ಕೆಲವರಿಗೆ ಬಿ-6 ಜೀವಸತ್ವವೇ ಸಾಕಾಗುತ್ತದೆ. ಉಳಿದವರಿಗೆ ಮೆಥಿಯೊನೀನು ಅತ್ಯಲ್ಪವಾಗಿರುವ ವಿಶೇಷ ಆಹಾರವನ್ನು ತೂಗಿ ಅಳೆದು, ಜೀವಮಾನವಿಡೀ ಕೊಡಬೇಕಾಗುತ್ತದೆ. ಮಾಂಸ, ಮೊಟ್ಟೆ, ಹಾಲು ಅವರ ತಟ್ಟೆಗೆ ಬರುವಂತಿಲ್ಲ. ತಾಯಂದಿರಿಗೂ ಮಕ್ಕಳಿಗೂ ಅದು ಸುಲಭದ ವ್ರತವಲ್ಲ. ಹುಟ್ಟಿದಾಗಲೇ ಗುರುತಿಸಲ್ಪಟ್ಟು ಆ ವ್ರತವನ್ನು ಬಿಡದೆ ಪಾಲಿಸಿದ ಮಕ್ಕಳು ಕಣ್ಣಿನ ಮಸೂರ ಜಾರದೆ, ಬುದ್ಧಿ ಕುಂದದೆ, ರಕ್ತ ಹೆಪ್ಪುಗಟ್ಟದೆ ಬೆಳೆದು ದೊಡ್ಡವರಾಗಿದ್ದಾರೆ.